ಬಳ್ಳಾರಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ: ಸಾಲದಲ್ಲಿ ಹೆಸರಿಲ್ಲದ ಅಕ್ಕನ ಮನೆ ಉಳಿದಿದ್ದು ಇಲ್ಲಿಗೆ ಹೋಗಿದ್ದರಿಂದ

ರೇಟಿಂಗ್ ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ಐದು. ಅಕ್ಕನ ಮನೆ ಹರಾಜಿನ ದಾರಿ ಹಿಡಿದಿದ್ದಾಗ ಬಳ್ಳಾರಿ ಕೋರ್ಟಿನಲ್ಲಿರುವ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿದ್ದೆವು. ವಕೀಲರ ಫೀಸು ಅಂತ ಒಂದು ರೂಪಾಯಿ ಕೊಡಲಿಲ್ಲ. ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ, ಯಾಕಂದ್ರೆ ಮನೆ ಗಂಡ ಹೆಂಡತಿ ಇಬ್ಬರ ಹೆಸರಲ್ಲಿ, ಸಾಲ ಮಾತ್ರ ಗಂಡನ ಹೆಸರಲ್ಲಿ ಅನ್ನುವ ಸಂಸಾರಗಳು ನಮ್ಮ ಕಡೆ ಬೇಕಾದಷ್ಟಿವೆ.

ಕಪ್ಪಗಲ್ ರಸ್ತೆ ಕಡೆ ಅಕ್ಕ, ಭಾವನ ಮನೆ. ಕ್ರಯಪತ್ರದಲ್ಲೂ ಖಾತಾದಲ್ಲೂ ಇಬ್ಬರ ಹೆಸರಿದೆ. ಭಾವ ಸಣ್ಣದೊಂದು ಜೀನ್ಸ್ ಹೊಲಿಗೆ ಯೂನಿಟ್ ಇಟ್ಟುಕೊಂಡಿದ್ದಾರೆ, ಅದಕ್ಕೆ ಬಂಡವಾಳ ಬೇಕು ಅಂತ ಮನೆ ಮೇಲೆ ಮಾರ್ಟ್‌ಗೇಜ್ ಲೋನ್ ತೆಗೆದರು. ಅಕ್ಕನಿಗೆ ಸಂಬಳ ಇಲ್ಲ, ಹಾಗಾಗಿ ಸಾಲದಲ್ಲಿ ಅವಳ ಹೆಸರು ಸೇರಿಸಲಿಲ್ಲ. "ಸಾಲ ನಿಮ್ಮದಲ್ಲಮ್ಮ, ಮನೇಲಿ ನಿಮ್ಮ ಹೆಸರಿದೆಯಲ್ಲ ಅದಕ್ಕೆ ಒಂದೆರಡು ಸೈನ್ ಅಷ್ಟೇ" ಅಂತ ಬ್ಯಾಂಕಿನಲ್ಲಿ ಹೇಳಿದ್ದರಂತೆ. ಕಾಗದಗಳೆಲ್ಲ ಇಂಗ್ಲಿಷಿನಲ್ಲಿದ್ದವು. ಓದಿ ಹೇಳಿದವರು ಯಾರೂ ಇಲ್ಲ.

ಆರ್ಡರ್ ಕಮ್ಮಿಯಾಯ್ತು, ಕಂತು ನಿಂತಿತು. ಮೆಸೇಜು, ಫೋನು ಎಲ್ಲಾ ಭಾವನ ಮೊಬೈಲಿಗೆ ಬರುತ್ತಿದ್ದವು. ಬಾಕಿ 90 ದಿನ ದಾಟಿ ಖಾತೆ ಎನ್‌ಪಿಎ (ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ) ಆಯಿತು, ನೋಟಿಸೂ ಯೂನಿಟ್ ವಿಳಾಸಕ್ಕೇ ಹೋಯಿತು. ಭಾವ ಹೆದರಿ ಬಾಯಿ ಬಿಡಲಿಲ್ಲ. ಅಕ್ಕನಿಗೆ ಗೊತ್ತಾಗಿದ್ದು ಇಬ್ಬರು ಬಂದು ಗೇಟು, ಮೆಟ್ಟಿಲು, ಮೇಲಿನ ನೀರಿನ ಟ್ಯಾಂಕು ಎಲ್ಲದರ ಫೋಟೊ ತೆಗೆದು, ಟೇಪು ಹಿಡಿದು ಪಡಸಾಲೆ ಅಳೆಯಲು ಶುರು ಮಾಡಿದಾಗ. "ಯಾರಪ್ಪಾ ನೀವು" ಅಂತ ಕೇಳಿದ್ದಕ್ಕೆ "ವ್ಯಾಲ್ಯುಯೇಶನ್ ಮೇಡಂ" ಅಂದರು.

ಖಾಸಗಿ ವಕೀಲರಿಗೆ ಕೊಡಲು ದುಡ್ಡಿರಲಿಲ್ಲ. ಆಗ ಪರಿಚಯದವರೊಬ್ಬರು ಈ ಪ್ರಾಧಿಕಾರದ ಹೆಸರು ಹೇಳಿದರು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಪ್ರಕಾರ ಹೆಣ್ಣುಮಕ್ಕಳಿಗೆ ಉಚಿತ ನೆರವು ಕೊಡಲು ಆದಾಯದ ಮಿತಿ ಇಲ್ಲ. ಮನೆ ಇದೆ, ಗಂಡ ದುಡಿಯುತ್ತಾನೆ ಅಂತ ವಾಪಸ್ ಕಳಿಸುವ ಹಾಗಿಲ್ಲ. ಅರ್ಜಿ ಬರೆದು ಆಧಾರ್ ಜೆರಾಕ್ಸ್ ಕೊಟ್ಟೆವು. ಒಬ್ಬ ಪ್ಯಾನಲ್ ವಕೀಲೆಯನ್ನು ನೇಮಿಸಿದರು.

ನನಗೆ ತುಂಬಾ ಹಿಡಿಸಿದ್ದು ಆ ಮೇಡಂ ಕಾಗದ ಓದಿದ ರೀತಿ. ನೋಟಿಸ್ ಪಕ್ಕಕ್ಕಿಟ್ಟು "ಮೊದಲು ಸಾಲದ ಸೆಟ್ ತನ್ನಿ" ಅಂದರು. ನಮ್ಮ ಹತ್ತಿರ ಇರಲಿಲ್ಲ, ಬ್ಯಾಂಕಿಗೆ ಬರೆದು ಕೇಳಲು ಅವರೇ ಪತ್ರ ಮಾಡಿಕೊಟ್ಟರು. ಕಾಗದ ಬಂದ ಮೇಲೆ ಪೆನ್ಸಿಲ್ ಹಿಡಿದು ಒಂದೊಂದೇ ಹಾಳೆ ತಿರುವಿ ಅಕ್ಕನ ಸಹಿ ಇದ್ದಲ್ಲೆಲ್ಲ ಗುರುತು ಹಾಕಿದರು, ಪ್ರತಿ ಗುರುತಿನ ಹತ್ತಿರ ನಿಂತು ಇದು ಏನು ಅಂತ ಕನ್ನಡದಲ್ಲಿ ಬಿಡಿಸಿ ಹೇಳಿದರು. ಸಾಲದ ಒಪ್ಪಂದದಲ್ಲಿ ಅಕ್ಕನ ಸಹಿ ಇಲ್ಲ. ಜಾಮೀನು ಪತ್ರದಲ್ಲೂ ಇಲ್ಲ. ಮನೆಪತ್ರ ಅಡವಿಟ್ಟ ಕಾಗದದಲ್ಲಿ ಮಾತ್ರ ಭಾವನ ಸಹಿ ಕೆಳಗೆ ಅವಳದೂ ಇದೆ.

ಇಡೀ ವಿಷಯ ನಿಂತಿರುವುದು ಇದರ ಮೇಲೆ. ಸಾಲ ತೆಗೆದಿಲ್ಲ, ಜಾಮೀನು ನಿಂತಿಲ್ಲ ಅಂದರೆ ಬ್ಯಾಂಕು ಅಕ್ಕನ ಸ್ವಂತ ದುಡ್ಡಿಗೆ, ಬೇರೆ ಆಸ್ತಿಗೆ ಕೈ ಹಾಕುವಂತಿಲ್ಲ. ಆದರೆ ಅಡಮಾನಕ್ಕೆ ಸಹಿ ಹಾಕಿದ್ದರಿಂದ ಮನೆಯಲ್ಲಿ ಅವಳ ಪಾಲೂ ಸಾಲಕ್ಕೆ ಸಿಕ್ಕಿಕೊಂಡಿದೆ. "ಸಾಲ ನಿಮ್ಮದಲ್ಲ" ಅನ್ನುವ ಮಾತು ಸರಿ, ಮನೆ ಹೋಗುವುದನ್ನು ಆ ಮಾತು ತಡೆಯಲ್ಲ, ಅಷ್ಟೇ. ಜಾಮೀನಿಗೂ ಸಹಿ ಹಾಕಿದ್ದರೆ ಇನ್ನೂ ಕಷ್ಟವಿತ್ತು, ಜಾಮೀನುದಾರರ ಹೊಣೆ ಸಾಲಗಾರರಷ್ಟೇ. ಎಲ್ಲಿಯೂ ಸಹಿ ಹಾಕಿರದಿದ್ದರೆ ಕಥೆಯೇ ಬೇರೆ: ಜಂಟಿ ಮಾಲೀಕರಲ್ಲಿ ಒಬ್ಬರು ತಮ್ಮ ಪಾಲನ್ನಷ್ಟೇ ಅಡ ಇಡಬಹುದು, ಇನ್ನೊಬ್ಬರ ಪಾಲನ್ನಲ್ಲ. ಅದಕ್ಕೇ ಬ್ಯಾಂಕುಗಳು ಹೆಂಡತಿಯ ಸಹಿ ಇಲ್ಲದೆ ಮುಂದೆ ಹೋಗುವುದಿಲ್ಲ.

ಮೇಡಂ ಹೇಳಿದ ಇನ್ನೊಂದು ವಿಷಯ ನಮ್ಮ ಕೈ ಹಿಡಿಯಿತು. ಕೋರ್ಟಿಗೆ ಹೋಗದೆಯೇ ಅಡವಿಟ್ಟ ಆಸ್ತಿ ಹಿಡಿದು ಮಾರಲು ಬ್ಯಾಂಕಿಗೆ ಬಿಡುವ 2002ರ ಸರ್ಫೇಸಿ ಕಾಯ್ದೆಯಲ್ಲಿ ಸಾಲಗಾರ ಅಂದರೆ ದುಡ್ಡು ಪಡೆದವನಷ್ಟೇ ಅಲ್ಲ, ಜಾಮೀನು ನಿಂತವರು, ಆಸ್ತಿ ಅಡ ಇಟ್ಟವರೂ ಆ ಲೆಕ್ಕಕ್ಕೇ ಬರುತ್ತಾರೆ. ಬ್ಯಾಂಕು ಮನೆ ಹಿಡಿಯುವುದು ಈ ಬಲದಿಂದಲೇ. ಆದರೆ ಅದೇ ಕಾರಣಕ್ಕೆ 60 ದಿನದೊಳಗೆ ಬಾಕಿ ಕಟ್ಟಿ ಅನ್ನುವ ಡಿಮ್ಯಾಂಡ್ ನೋಟಿಸನ್ನು ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಮುಟ್ಟಿಸಬೇಕು ಅಂತ ನಿಯಮವಿದೆ. ನಮ್ಮ ನೋಟಿಸಿನಲ್ಲಿ ಇದ್ದಿದ್ದು ಭಾವನ ಹೆಸರು ಮಾತ್ರ. ಅಕ್ಕನ ಪರವಾಗಿ ಬರೆದ ಆಕ್ಷೇಪಣೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಹೋಯಿತು. ಇಂಥ ಆಕ್ಷೇಪಣೆಗೆ ಬ್ಯಾಂಕು 15 ದಿನದೊಳಗೆ ಉತ್ತರ ಕೊಡಲೇಬೇಕು. ಕೊಟ್ಟರು, ಜೊತೆಗೆ ಅಕ್ಕನ ಹೆಸರನ್ನೂ ಸೇರಿಸಿ ಹೊಸ ನೋಟಿಸ್ ಬಂತು. ಅಂದರೆ ಮತ್ತೆ 60 ದಿನ ಸಿಕ್ಕವು.

"ಇದು ಗೆದ್ದಂಗಲ್ಲ, ಟೈಮ್ ಸಿಕ್ಕಿದೆ ಅಷ್ಟೇ, ದುಡ್ಡು ನೋಡ್ಕೊಳ್ಳಿ" ಅಂತ ಮೇಡಂ ಖಡಾಖಂಡಿತ ಹೇಳಿದರು. ಸುಳ್ಳು ಭರವಸೆ ಕೊಡಲಿಲ್ಲ, ಅದು ನನಗೆ ಮುಖ್ಯ ಅನ್ನಿಸಿತು. ಮನೆಯಲ್ಲಿ ಪಾಲಿರುವವರು ಸಾಲ ತೀರಿಸಲು ಬಂದರೆ "ಸಾಲಗಾರರೇ ಬರಲಿ" ಅಂತ ಬ್ಯಾಂಕು ತಳ್ಳಿಹಾಕುವಂತಿಲ್ಲ, ಅಡಮಾನ ಬಿಡಿಸಿಕೊಳ್ಳುವ ಹಕ್ಕು ಅವರಿಗೂ ಇದೆ ಅಂತ ಕೌಂಟರಿನಲ್ಲಿ ಏನು ಮಾತಾಡಬೇಕು ಅನ್ನುವುದನ್ನೂ ಅಕ್ಕನಿಗೆ ಹೇಳಿಕೊಟ್ಟರು. ಭಾವ ಎರಡು ಮಷಿನ್ ಮಾರಿದರು, ಅಕ್ಕ ಬಳೆ ಕೊಟ್ಟಳು. ಬಾಕಿ ಕಂತು, ಬಡ್ಡಿ ಪೂರ್ತಿ ಕಟ್ಟಿದರೆ ಮಾತ್ರ ಖಾತೆ ಎನ್‌ಪಿಎಯಿಂದ ಹೊರಗೆ ಬರುತ್ತದೆ, ಅರ್ಧಂಬರ್ಧ ಕಟ್ಟಿದರೆ ಆಗಲ್ಲ. ಪೂರ್ತಿ ಕಟ್ಟಿದೆವು. ಈಗ ಕಂತಿನ ಮೆಸೇಜು ಅಕ್ಕನ ನಂಬರಿಗೂ ಬರುವ ಹಾಗೆ ಬರೆದುಕೊಟ್ಟಿದ್ದಾಳೆ.

ಹೋಗುವವರು ತಿಳಿದುಕೊಳ್ಳಬೇಕಾದ್ದೂ ಇದೆ. ಇಲ್ಲಿ ಅರ್ಜಿ ಕೊಟ್ಟ ಮಾತ್ರಕ್ಕೆ ಬ್ಯಾಂಕಿನ ಗಡುವು ನಿಲ್ಲಲ್ಲ. ಬ್ಯಾಂಕು ಸ್ವಾಧೀನದ ನೋಟಿಸ್ ಅಂಟಿಸಿದ್ದರೆ ಅಲ್ಲಿಂದ 45 ದಿನದೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬೇಕು. ಅದು ಇರುವುದು ಬೆಂಗಳೂರಿನಲ್ಲಿ, ಬಳ್ಳಾರಿ ಸಿವಿಲ್ ಕೋರ್ಟಿನಲ್ಲಿ ಸ್ಟೇ ತರುತ್ತೇನೆ ಅಂತ ಯಾರಾದರೂ ದುಡ್ಡು ಕೇಳಿದರೆ ಯೋಚನೆ ಮಾಡಿ. ಹರಾಜಿನ ಪ್ರಕಟಣೆ ಬಂದ ಮೇಲಂತೂ ಕಷ್ಟ, 2016ರ ತಿದ್ದುಪಡಿ ಆದ ಮೇಲೆ ಪೂರ್ತಿ ದುಡ್ಡು ತಂದು ಮನೆ ಬಿಡಿಸಿಕೊಳ್ಳುವ ಹಕ್ಕು ಆ ಪ್ರಕಟಣೆಗೆ ಮುಂಚೆ ತನಕ ಮಾತ್ರ. ಬಡ್ಡಿ ಬಿಡಿಸಿ ಒಂದೇ ಸಲ ತೀರಿಸುವ ಆಸೆ ಇದ್ದರೆ ಲೋಕ ಅದಾಲತ್‌ಗೆ ಇಡಿಸಿ ಅಂತ ಇಲ್ಲೇ ಕೇಳಬಹುದು, ಅದಕ್ಕೆ ಕೋರ್ಟ್ ಫೀಸಿಲ್ಲ. ಆದರೆ ಅಲ್ಲಿ ಒಪ್ಪಿ ಸಹಿ ಹಾಕಿದ್ದಕ್ಕೆ ಅಪೀಲೂ ಇಲ್ಲ.

ಕ್ರಯಪತ್ರ, ಖಾತಾ, ಹೊಸ ಇಸಿ (ಋಣಭಾರ ಪ್ರಮಾಣಪತ್ರ), ನೋಟಿಸು, ಅದು ಬಂದ ಲಕೋಟೆ ಎಲ್ಲಾ ತೆಗೆದುಕೊಂಡು ಹೋಗಿ. ಲಕೋಟೆ ಬಿಸಾಡಬೇಡಿ, ದಿನ ಲೆಕ್ಕ ಹಾಕಲು ಅದರ ಮೇಲಿನ ಮುದ್ರೆಯನ್ನೇ ನೋಡುತ್ತಾರೆ. ರಾಯಚೂರು, ಕೊಪ್ಪಳದವರಿಗೆ ಅವರವರ ಜಿಲ್ಲಾ ಕೋರ್ಟಿನಲ್ಲೇ ಪ್ರಾಧಿಕಾರ ಇದೆ, ಇಲ್ಲಿ ತನಕ ಬರಬೇಕಾಗಿಲ್ಲ. ಯಾರನ್ನು ಕೇಳಬೇಕು ಗೊತ್ತಾಗದಿದ್ದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ.