ಡ್ರ್ಯಾಗ್ ಮೊದಲೋ, ಬೇರಿಂಗ್ ಮೊದಲೋ: ಕಡಲ ರೀಲಿಗೆ ಎರಡು ಮಾರ್ಪಾಡು

ಶಿವಮೊಗ್ಗದಿಂದ ಹುಲಿಕಲ್ ಘಾಟಿ ಇಳಿದು ಕುಂದಾಪುರದ ಕಡಲಿಗೆ ಗಾಳ ಹಾಕಲು ಹೋಗುವವರು ಗಾಳದ ದಾರ ಸುತ್ತುವ ತಮ್ಮ ಹಳೆಯ ರೀಲನ್ನು ಸುಧಾರಿಸುವುದಾದರೆ, ಮೊದಲ ಹಣವನ್ನು ಡ್ರ್ಯಾಗ್‌ನ, ಅಂದರೆ ಮೀನು ಜಗ್ಗಿದಾಗ ದಾರವನ್ನು ಹಿಡಿತದಲ್ಲಿಟ್ಟು ಬಿಡುವ ಬ್ರೇಕಿನ, ವಾಷರ್‌ಗಳಿಗೇ ಹಾಕಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಹಳೆಯ ನಾರಿನ ವಾಷರ್‌ಗಳು ದೊಡ್ಡ ಮೀನು ಬಹಳ ಹೊತ್ತು ಎಳೆದಾಗ ಬಿಸಿಯೇರಿ, ದಾರವನ್ನು ತಡೆತಡೆದು ಬಿಡುತ್ತವೆ, ಆ ಜಗ್ಗಾಟದಲ್ಲೇ ದಾರ ತುಂಡಾಗುತ್ತದೆ. ಕಾರ್ಬನ್ ಫೈಬರ್ ವಾಷರ್‌ಗಳಾದರೋ, ಡ್ರ್ಯಾಗ್ ಗ್ರೀಸನ್ನು ತೆಳುವಾಗಿ ಸವರಿದರೆ, ಬಿಸಿಯಲ್ಲೂ ಒದ್ದೆಯಲ್ಲೂ ನಯವಾಗಿ ಜಾರುತ್ತವೆ. 12 ಕಿಲೋ ತಾಳುವ ದಾರಕ್ಕೆ ಸುಮಾರು 4 ಕಿಲೋ ಬಿಗಿತ ಸಾಕು, ಆದರೆ ಅದು ಒಂದೇ ಸಮನಾಗಿರಬೇಕು. ಇನ್ನೊಂದು ಮಾರ್ಪಾಡಾದ, ದಾರದ ಉರುಳೆ ಹಗುರವಾಗಿ ತಿರುಗಲು ಹಾಕುವ ಸೆರಾಮಿಕ್ ಗುಂಡುಗಳ ಬೇರಿಂಗ್ ದಡದಿಂದ ಎಸೆಯುವವರಿಗೆ ಒಳ್ಳೆಯದು. ದೋಣಿಯಿಂದ ನೇರ ಕೆಳಗಿಳಿಸುವವರಿಗೆ ಲಾಭ ಅಲ್ಪ, ಅದರ ಉಕ್ಕಿನ ಬಳೆಗಳಿಗೆ ಉಪ್ಪಿನಿಂದ ತುಕ್ಕೂ ಹಿಡಿಯಬಹುದು. ಯಾವುದನ್ನು ಆಯ್ದರೂ, ಮಲೆನಾಡಿನ ಮಳೆಗಾಲದ ತೇವದಲ್ಲಿ ರೀಲನ್ನು ಸಿಹಿನೀರಿನಿಂದ ತೊಳೆದು, ಒಣಗಿಸಿ, ಡ್ರ್ಯಾಗ್ ಸಡಿಲಿಸಿಯೇ ಎತ್ತಿಡಬೇಕು.