ಕಬ್ಬಿನ ಟ್ರೇಲರ್‌ಗೆ ಹೊಸ ಟೈರೋ, ರಿಮೋಲ್ಡೋ?

ಮುಧೋಳ, ಜಮಖಂಡಿ ಕಡೆ ಕಬ್ಬು ಹೇರುವ ಟ್ರೇಲರ್‌ಗಳಲ್ಲಿ 9.00-16 ಅಳತೆಯ ನೈಲಾನ್ ಟೈರ್ ಸಾಮಾನ್ಯ. ಹೊಸದು ತರುವುದಾದರೆ 16 ಪ್ಲೈ (ಟೈರಿನ ಬಲ ತಿಳಿಸುವ ಅಂಕಿ) ಇರುವುದನ್ನೇ ಕೇಳಿ. ಹೊಲದಿಂದ ಡಾಂಬರು ರಸ್ತೆಗೆ ಏರುವಾಗ ಹೇರೆಲ್ಲ ಒಂದೇ ಬದಿಗೆ ವಾಲುತ್ತದೆ; ಆಗ ತಡೆಯಬೇಕಾದದ್ದು ಟೈರಿನ ಪಕ್ಕೆ.

ರಿಮೋಲ್ಡ್, ಅಂದರೆ ಸವೆದ ಟೈರಿಗೆ ಹೊಸ ರಬ್ಬರ್ ಕೂರಿಸಿದ್ದು, ಅಗ್ಗ. ಆದರೆ ಅದರಲ್ಲಿ ಹೊಸದಾಗುವುದು ನೆಲಕ್ಕೆ ತಾಗುವ ರಬ್ಬರ್ ಮಾತ್ರ, ಒಳಗಿನ ನೂಲು ಹಳೆಯದೇ. ಪಕ್ಕೆಯಲ್ಲಿ ಬಿರುಕು, ಉಬ್ಬು ಕಂಡರೆ ಮುಟ್ಟಲೇಬೇಡಿ. ಮೇವು, ಸಾಮಾನು ಸಾಗಿಸಲು ಒಳ್ಳೆಯ ರಿಮೋಲ್ಡ್ ಸಾಕು. ಕಬ್ಬಿಗೆ ಮಾತ್ರ ನಾನು ಹೊಸದನ್ನೇ ಹೇಳುತ್ತೇನೆ.

ಹೊಸದರಲ್ಲೂ ಪಕ್ಕೆಯ ಮೇಲಿನ ನಾಲ್ಕಂಕಿ ಓದಿ: 3224 ಎಂದರೆ 2024ರ 32ನೇ ವಾರದ ಮಾಲು. ಒಂದೇ ಆಕ್ಸಲ್‌ಗೆ ಒಂದು ಹೊಸದು, ಒಂದು ಸವೆದದ್ದು ಹಾಕಿಸಬೇಡಿ. ಟ್ರೇಲರ್ ಸವೆದ ಕಡೆಗೇ ವಾಲುತ್ತದೆ.