ಫೋನ್ ಜೊತೆ ಪೋಸ್ಟ್‌ಪೇಯ್ಡ್ ಸ್ಕೀಮ್: 24 ಕಂತು ಕಟ್ಟಿ ಮುಗಿಸಿದ ಮೇಲೆ ಬರೆಯುತ್ತಿದ್ದೇನೆ

ಫೋನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎಷ್ಟು ಮೆಗಾಪಿಕ್ಸೆಲ್, ಎಷ್ಟು ಜಿಬಿ ಅನ್ನೋದೆಲ್ಲ ನೀವು ಆಗಲೇ ನೋಡಿರುತ್ತೀರಿ. ಆ ಫೋನ್ ನನ್ನ ಕೈಗೆ ಬಂದ ಸ್ಕೀಮ್ ಬಗ್ಗೆ ಬರೆಯುತ್ತಿದ್ದೇನೆ. ಫೋನ್ ಕಂತಿನಲ್ಲಿ, ಸಿಮ್ ಪೋಸ್ಟ್‌ಪೇಯ್ಡ್, ಎರಡೂ ಒಂದೇ ಬಿಲ್ಲಿನಲ್ಲಿ. 12 ತಿಂಗಳಾದ ಮೇಲೆ ಹಳೆಯದನ್ನು ಕೊಟ್ಟು ಹೊಸ ಫೋನ್ ತಗೊಳ್ಳಬಹುದು ಅನ್ನೋದು ಅದರ ದೊಡ್ಡ ಆಕರ್ಷಣೆ. 2023ರ ಸಂಕ್ರಾಂತಿ ಮುಗಿದ ವಾರ ಸಹಿ ಹಾಕಿದೆ. ಈಗ 2025ರ ಜುಲೈ.

ನಮ್ಮದು ಗೋವಾದ ವಾಸ್ಕೋದಲ್ಲಿ ಒಂದು ಸಣ್ಣ ಖಾನಾವಳಿ. ಜೋಳದ ರೊಟ್ಟಿ, ಎರಡು ಪಲ್ಯ, ಅನ್ನ, ಸಾರು. ಊರು ಧಾರವಾಡದ ಕಡೆ. ಇಲ್ಲಿ ಬೈನಾ, ಝುವಾರಿನಗರದ ಕಡೆ ನಮ್ಮ ಜನ ತುಂಬಾ ಇದ್ದಾರೆ. ಬಾಗಲಕೋಟೆ, ಗದಗ, ವಿಜಯಪುರದಿಂದ ಕೆಲಸಕ್ಕೆ ಬಂದು ಇಲ್ಲೇ ನಿಂತವರು. ಅವರಿಗೆ ರೊಟ್ಟಿ ಬೇಕು, ನಮಗೆ ಗಿರಾಕಿ ಬೇಕು. ಅಂಗಡಿಯ ಬೋರ್ಡಿನ ಮೇಲೆ ಹೆಸರಿಗಿಂತ ದೊಡ್ಡದಾಗಿ ಬರೆಸಿರೋದು ನನ್ನ ಮೊಬೈಲ್ ನಂಬರ್. 2014ರಿಂದ ಅದೇ ನಂಬರ್. ಅದು ಹೋದರೆ ವ್ಯಾಪಾರವೇ ಹೋದ ಹಾಗೆ. ಮುಂದೆ ಹೇಳುವುದಕ್ಕೆಲ್ಲ ಇದೇ ಬುಡ.

ನನ್ನ ದಿನದಲ್ಲಿ ಫೋನಿನ ಕೆಲಸ ಹೀಗಿದೆ. ಬೆಳಿಗ್ಗೆ ಹತ್ತೂವರೆಗೆ ಪಲ್ಯ ಇಳಿಯುತ್ತದೆ. ಒಂದು ಸ್ಟೀಲ್ ತಾಟಿನಲ್ಲಿ ಎರಡು ರೊಟ್ಟಿ ಮಡಚಿ ಇಟ್ಟು, ಪಕ್ಕಕ್ಕೆ ಎಣ್ಣೆಗಾಯಿಯೋ ಪುಂಡಿಪಲ್ಯವೋ ಹೆಸರುಕಾಳೋ ಹಾಕಿ, ಶೇಂಗಾ ಚಟ್ನಿ, ಹಸಿ ಈರುಳ್ಳಿ ಇಟ್ಟು ಹಿಂಬಾಗಿಲ ಕಟ್ಟೆಯ ಮೇಲೆ ತರುತ್ತೇನೆ. ಅಲ್ಲಿ ತೆಂಗಿನ ಮರದ ಕೆಳಗೆ ಬೆಳಕು ಚೆನ್ನಾಗಿರುತ್ತದೆ. ಕ್ಯಾಮೆರಾ ಗಾಜಿನ ಮೇಲೆ ಯಾವಾಗಲೂ ಜೋಳದ ಹಿಟ್ಟು ಕೂತಿರುತ್ತದೆ, ಅದನ್ನು ಸೆರಗಿನಿಂದ ಒರೆಸುತ್ತೇನೆ. ಒಂದೇ ಫೋಟೋ. ವಾಟ್ಸಾಪ್‌ನಲ್ಲಿ ಅರವತ್ತು ಜನಕ್ಕೆ ಒಟ್ಟಿಗೆ ಹೋಗುತ್ತದೆ. ಹನ್ನೊಂದೂಕಾಲಿನ ಹೊತ್ತಿಗೆ ‘6 ರೊಟ್ಟಿ’, ‘10 ರೊಟ್ಟಿ, ಪಲ್ಯ ಜಾಸ್ತಿ’ ಅಂತ ಉತ್ತರ ಬರುತ್ತಾ ಹೋಗುತ್ತವೆ. ನಾನು ಗೋಡೆಗೆ ಸಿಕ್ಕಿಸಿದ ಕ್ಯಾಲೆಂಡರಿನ ಹಿಂದೆ ಬರೆದುಕೊಳ್ಳುತ್ತೇನೆ. ಹಳೆಯ ಫೋನಿನಲ್ಲಿ ಪುಂಡಿಪಲ್ಯ ಕಪ್ಪಾಗಿ ಕಾಣುತ್ತಿತ್ತು. ಇದರಲ್ಲಿ ಎಲೆಯ ಬಣ್ಣ ಇದ್ದ ಹಾಗೇ ಬರುತ್ತದೆ. ಮೊದಲ ವಾರವೇ ಹತ್ತು ರೊಟ್ಟಿ ಜಾಸ್ತಿ ಹೋಯಿತು. ಆ ಖುಷಿಯನ್ನು ಮರೆತಿಲ್ಲ, ಅದಕ್ಕೇ ಮೊದಲೇ ಬರೆದೆ.

ಇನ್ನು ದುಡ್ಡಿನ ಲೆಕ್ಕ. ಫೋನಿಗೆ 32,000 ರೂಪಾಯಿ. ಕೈಯಿಂದ 5,000 ಕೊಟ್ಟೆ, ಉಳಿದದ್ದು ತಿಂಗಳಿಗೆ 1,125ರಂತೆ 24 ಕಂತು. ಬಡ್ಡಿ ಇಲ್ಲ ಅಂದರು, ಅದರಲ್ಲಿ ಸುಳ್ಳಿಲ್ಲ. ಪ್ಲ್ಯಾನ್ 500 ಅಂತ ಫೋನ್ ಅಂಗಡಿಯ ಬೋರ್ಡಿನ ಮೇಲೆ ಇತ್ತು. ಬಿಲ್ಲಿನಲ್ಲಿ ಬಂದದ್ದು 590. ಪೋಸ್ಟ್‌ಪೇಯ್ಡ್ ದರಕ್ಕೆ 18 ಪರ್ಸೆಂಟ್ ಜಿಎಸ್‌ಟಿ ಮೇಲೆ ಸೇರುತ್ತದೆ, ಪ್ರಿಪೇಯ್ಡ್ ರೀಚಾರ್ಜಿನಲ್ಲಿ ತೆರಿಗೆ ಒಳಗೇ ಇರುತ್ತದೆ. ಇದು ಗೊತ್ತಿಲ್ಲದೆ ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಬೇಡಿ. ಅಂತೂ ತಿಂಗಳಿಗೆ 1,715. ನಮಗೆ ಅದು ಭಾರವೇ, ಆದರೆ ಆಗುತ್ತಿತ್ತು.

ಅವ್ವನ ನಂಬರನ್ನೂ ಇದೇ ಬಿಲ್ಲಿಗೆ ಸೇರಿಸೋಣ ಅಂದುಕೊಂಡೆ, ಆಗಲಿಲ್ಲ. ಮೊಬೈಲ್ ಕಂಪನಿಗಳಿಗೆ ದೇಶವನ್ನು ಸರ್ಕಲ್ ಅಂತ ಭಾಗ ಮಾಡಿದ್ದಾರೆ. ಆ ಲೆಕ್ಕದಲ್ಲಿ ಗೋವಾ ಮಹಾರಾಷ್ಟ್ರ ಸರ್ಕಲ್‌ಗೆ ಸೇರುತ್ತದೆ, ಮುಂಬೈಯದು ಬೇರೆಯದೇ ಸರ್ಕಲ್, ಧಾರವಾಡದ್ದು ಕರ್ನಾಟಕ ಸರ್ಕಲ್. ಈ ಕಂಪನಿ ಬೇರೆ ಸರ್ಕಲ್‌ನ ನಂಬರನ್ನು ಮನೆಮಂದಿ ಪ್ಲ್ಯಾನ್‌ಗೆ ತಗೊಳ್ಳುವುದಿಲ್ಲ ಅಂದಿತು. ಹೋಗಲಿ ಅಂತ ಬಿಟ್ಟೆ. ಅವ್ವ ಈಗಲೂ ಅಲ್ಲೇ ರೀಚಾರ್ಜ್ ಮಾಡಿಸಿಕೊಳ್ಳುತ್ತಾಳೆ.

2023ರ ನವೆಂಬರ್‌ನಲ್ಲಿ ಮಗನಿಗೆ ಸಿಮ್ ಬೇಕಾಯಿತು. ಅದೇ ಫೋನ್ ಅಂಗಡಿಗೆ ಹೋದೆ. ಇಬ್ಬರ ಪ್ಲ್ಯಾನ್ ಇದೆ, 750, ತೆರಿಗೆ ಸೇರಿ 885, ಬೇರೆ ಬೇರೆ ಮಾಡಿಸೋದಕ್ಕಿಂತ ಕಡಿಮೆ ಅಂದರು. ಹೂಂ ಅಂದೆ. ಒಂದು ಓಟಿಪಿ ಬಂತು, ಹೇಳಿದೆ. ಅಷ್ಟೇ ನಡೆದದ್ದು. ಆ ಓಟಿಪಿ ಹೇಳಿದ ಗಳಿಗೆಯಲ್ಲಿ ನನ್ನ ಹತ್ತು ತಿಂಗಳು ಅಳಿಸಿಹೋಗಿತ್ತು.

2024ರ ಫೆಬ್ರವರಿಯಲ್ಲಿ, ವರ್ಷ ತುಂಬಿತಲ್ಲ, ಫೋನ್ ಬದಲಿಸಿದರೆ ಏನು ಸಿಗುತ್ತದೆ ನೋಡೋಣ ಅಂತ ಹೋದೆ. ಕೌಂಟರಿನವರು ಕಂಪ್ಯೂಟರ್ ನೋಡಿ, ನಿಮ್ಮ ಗಡುವು ನವೆಂಬರ್‌ಗೆ ಅಂದರು. ಪ್ಲ್ಯಾನ್ ಬದಲಿಸಿದರೆ 12 ತಿಂಗಳು ಮತ್ತೆ ಮೊದಲಿನಿಂದ ಶುರುವಾಗುತ್ತದಂತೆ. ಕಂತು ಮಾತ್ರ ಮೊದಲಿನಿಂದ ಶುರುವಾಗಿಲ್ಲ, ಅದು ಸರಿಯಾಗಿ ಹದಿಮೂರನೆಯದೇ ಹೋಗಿದೆ. ಒಂದೇ ಕರಾರು, ಒಂದೇ ಸಹಿ. ನಾನು ಕೊಡಬೇಕಾದ ಕಡೆ ಲೆಕ್ಕ ಮುಂದೆ ಹೋಗುತ್ತದೆ, ನನಗೆ ಸಿಗಬೇಕಾದ ಕಡೆ ಲೆಕ್ಕ ಹಿಂದೆ ಹೋಗುತ್ತದೆ. ಇದನ್ನು ನವೆಂಬರ್‌ನಲ್ಲಿ ಯಾಕೆ ಹೇಳಲಿಲ್ಲ ಅಂತ ಕೇಳಿದೆ. ಕರಾರಿನಲ್ಲಿ ಇದೆ ಅಂದರು. ಇದೆ, ನಿಜ. ಮನೆಗೆ ಬಂದು ಮಗನ ಹತ್ತಿರ ಓದಿಸಿದೆ. ಇಂಗ್ಲಿಷಿನ ಹನ್ನೊಂದು ಪುಟ, ಏಳನೆಯ ಪುಟದಲ್ಲಿ ಒಂದು ಸಾಲು. ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಫೋನ್ ಬದಲಿಸಲೇಬೇಕು ಅಂತ ಏನೂ ಇರಲಿಲ್ಲ. ನನ್ನ ಕೈಯಿಂದಲೇ ಓಟಿಪಿ ಹೇಳಿಸಿಕೊಂಡು ನನಗೇ ತಿಳಿಸದೆ ತಗೊಂಡರಲ್ಲ, ಆ ಸಂಕಟ.

ಅದರ ಜೊತೆಗೆ ಬಿಲ್ಲಿನ ತಾರೀಕೂ ಬದಲಾಗಿತ್ತು. ಮೊದಲು 18ಕ್ಕೆ ಕೊನೆಯ ದಿನ ಇತ್ತು, ಪ್ಲ್ಯಾನ್ ಬದಲಿಸಿದ ಮೇಲೆ 9 ಆಯಿತು. ನಮ್ಮಲ್ಲಿ ತಿಂಗಳ ಊಟದವರು 10ಕ್ಕೆ ದುಡ್ಡು ಕೊಡುತ್ತಾರೆ, ಅವರ ಸಂಬಳ ಬಂದ ಮೇಲೆ. ಒಂದು ದಿನದ ವ್ಯತ್ಯಾಸಕ್ಕೆ ಪ್ರತಿ ತಿಂಗಳು ತಡ ಶುಲ್ಕ 118. ಮೂರು ತಿಂಗಳು ಕಟ್ಟಿದ ಮೇಲೆ ನನ್ನ ಗಮನಕ್ಕೆ ಬಂತು.

ದೂರು ಕೊಟ್ಟೆ. ಕಂಪನಿಯ ದೂರಿನ ನಂಬರ್ 198ಕ್ಕೆ ಫೋನ್ ಮಾಡಿದರೆ ದುಡ್ಡು ಹೋಗುವುದಿಲ್ಲ, ಒಂದು ಡಾಕೆಟ್ ನಂಬರ್, ಅಂದರೆ ದೂರಿನ ಗುರುತಿನ ನಂಬರ್, ಕೊಡುತ್ತಾರೆ. ಆ ನಂಬರನ್ನು ಕಡ್ಡಾಯವಾಗಿ ಬರೆದಿಟ್ಟುಕೊಳ್ಳಿ. ನಾನು ಅದೇ ಕ್ಯಾಲೆಂಡರಿನ ಹಿಂದೆ ರೊಟ್ಟಿ ಲೆಕ್ಕದ ಮೇಲೆ ಬರೆದಿಟ್ಟೆ. ಅವರ ಉತ್ತರ ಸರಿ ಅನಿಸದಿದ್ದರೆ 30 ದಿನದೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬಹುದು. ಅದಕ್ಕೂ ಶುಲ್ಕ ಇಲ್ಲ, 39 ದಿನದಲ್ಲಿ ತೀರ್ಮಾನ ಕೊಡಬೇಕು. ಇದು ಟೆಲಿಕಾಂ ಕಂಪನಿಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಟ್ರಾಯ್‌ನ 2012ರ ನಿಯಮ. ಮಗ ಕೂತು ಬರೆದ. ಉತ್ತರ ಬಂತು. ತಡ ಶುಲ್ಕ ಮೂರು ತಿಂಗಳದ್ದೂ ವಾಪಸ್, 354 ರೂಪಾಯಿ. ತಾರೀಕು ಮತ್ತೆ 18ಕ್ಕೆ. ಗಡುವಿನ ವಿಷಯದಲ್ಲಿ ಮಾತ್ರ ಕರಾರಿನಲ್ಲಿ ಇರುವ ಹಾಗೆ ಮಾಡಿದ್ದೇವೆ ಅಂದರು. ಇಷ್ಟಕ್ಕೂ ಸುಮ್ನೆ ಬಿಡಬಾರದಿತ್ತೇನೋ. ಮೊಬೈಲ್ ಕಂಪನಿ ಮೇಲೆ ಗ್ರಾಹಕರ ಆಯೋಗಕ್ಕೆ ಹೋಗಬಹುದು ಅಂತ ಸುಪ್ರೀಂ ಕೋರ್ಟ್ 2022ರ ಫೆಬ್ರವರಿಯಲ್ಲಿ ಹೇಳಿದೆ. 1915 ಅಂತ ಗ್ರಾಹಕರ ಸಹಾಯವಾಣಿಯೂ ಇದೆ. ನಾನು ಹೋಗಲಿಲ್ಲ. ಒಲೆ ಮುಂದೆ ನಿಲ್ಲುವವರು ಇನ್ನೊಬ್ಬರು ಇರಲಿಲ್ಲ.

2024ರ ಜುಲೈನಲ್ಲಿ ಖಾಸಗಿ ಕಂಪನಿಗಳು ಮೂರೂ ದರ ಏರಿಸಿದವು, ನಿಮಗೆಲ್ಲ ನೆನಪಿರುತ್ತದೆ. ನನ್ನ 750 ಹೋಗಿ 850 ಆಯಿತು, ಬಿಲ್ಲಿನಲ್ಲಿ 1,003. ಕಂತು ಸೇರಿ 2,128. ಒಂದು ಪ್ಲ್ಯಾನ್‌ಗೆ ಸೇರಿದ ಮೇಲೆ ಆರು ತಿಂಗಳು ಅದರ ದರವನ್ನು ಕಂಪನಿ ಏರಿಸುವಂತಿಲ್ಲ, ಆಮೇಲೆ ಏರಿಸಬಹುದು. ಅಂದರೆ ಕಂಪನಿಗೆ ಆರು ತಿಂಗಳ ಕಟ್ಟು, ನನಗೆ 24 ತಿಂಗಳ ಕಟ್ಟು. ದರ ಏರಿದಾಗ ಪ್ರಿಪೇಯ್ಡ್‌ನವರು ಬೇರೆ ಕಡೆ ಹೋದರು, ನಮ್ಮ ಗಿರಾಕಿಗಳಲ್ಲೇ ಎಷ್ಟೋ ಜನ ಹೋದರು. ನಾನು ಹೋಗುವ ಹಾಗಿರಲಿಲ್ಲ. ಈ ಸ್ಕೀಮಿನ ನಿಜವಾದ ದೋಷ ಇದೇ ಅಂತ ನನಗೆ ಅನಿಸುತ್ತದೆ. ಫೋನ್ ಸಾಲವನ್ನು ನನ್ನ ನಂಬರಿಗೆ ಕಟ್ಟಿ ಹಾಕಿದ್ದಾರೆ. ಕಂತು ಬೇರೆ ಕಡೆ ಇದ್ದಿದ್ದರೆ ಸಿಮ್ ನನ್ನ ಇಷ್ಟ.

ಹೇಗೋ ನವೆಂಬರ್ ಬಂತು. ಫೋನ್ ತೊಳೆದ ಹಾಗೆ ಒರೆಸಿ ತಗೊಂಡು ಹೋದೆ. ಸಹಿ ಹಾಕುವಾಗ 14,000 ಕೊಡುತ್ತೇವೆ ಅಂದಿದ್ದರು. ನಾನು ಹಾಗೆ ಕೇಳಿಸಿಕೊಂಡಿದ್ದೆ. ಕಾಗದದಲ್ಲಿ ಇದ್ದದ್ದು ‘14,000 ವರೆಗೆ’. ಕೌಂಟರಿನ ಹುಡುಗ ಫೋನನ್ನು ದೀಪದ ಕೆಳಗೆ ಓರೆಯಾಗಿ ಹಿಡಿದ. ಹಿಂದಿನ ಗಾಜಿನ ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕು. ಬ್ಯಾಟರಿ ಬೇಗ ಇಳಿಯುತ್ತದೆ. ಪೆಟ್ಟಿಗೆ ಇದೆಯಾ, ಇಲ್ಲ. ಕೊನೆಗೆ 6,200. ಅದನ್ನು ಕೊಟ್ಟು, ಉಳಿದ ಎರಡು ಕಂತು ಒಟ್ಟಿಗೆ ಕಟ್ಟಿ, ಹೊಸ ಫೋನಿಗೆ ಮತ್ತೆ 24 ತಿಂಗಳು. ಇಷ್ಟು ದಿನ ಕಾದಿದ್ದು ಇದಕ್ಕಾ ಅನಿಸಿತು. ಕಣ್ಣಲ್ಲಿ ನೀರು ಬಂತು, ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟೆ.

ಆಗ ಪಕ್ಕದ ಕೌಂಟರಿನಿಂದ ಒಬ್ಬ ಹುಡುಗಿ ನೀರಿನ ಬಾಟಲ್ ಹಿಡಿದು ಬಂದಳು. ಎಲ್ಲರ ಹತ್ತಿರ ಕೊಂಕಣಿ, ಹಿಂದಿ ಮಾತಾಡುವವಳು. ನನ್ನ ಹತ್ತಿರ ಮೆಲ್ಲಗೆ, “ಅಕ್ಕಾರ, ಈಗ ಹೊಸಾದು ತಗೋಬ್ಯಾಡ್ರಿ. ಎರಡ ಕಂತ ಅಷ್ಟ ಉಳದಾವ. ಅವನ್ನ ಮುಗಸ್ರಿ, ಆಮ್ಯಾಲ ನಂಬರ್ ಪೋರ್ಟ್ ಮಾಡ್ಕೋರಿ. ಫೋನ್ ಛಲೋ ಐತಿ, ಬ್ಯಾಟರಿ ಒಂದ ಹಾಕಸ್ರಿ” ಅಂದಳು. ಅವಳ ಅಪ್ಪ ಅಮ್ಮ ಗದಗಿನವರಂತೆ, ಅವಳು ಹುಟ್ಟಿದ್ದು ಇಲ್ಲೇ. ಆ ಅಂಗಡಿಯಲ್ಲಿ ಎರಡು ವರ್ಷದಲ್ಲಿ ನನಗೆ ಸಿಕ್ಕ ಒಂದೇ ಸರಿಯಾದ ಮಾತು ಅದು. ಅವಳ ಕೆಲಸಕ್ಕೆ ತೊಂದರೆ ಆಗಬಾರದು ಅಂತಲೇ ನಾನು ಅಂಗಡಿಯ ಹೆಸರು ಬರೆಯುತ್ತಿಲ್ಲ.

ಪೋರ್ಟ್ ಅಂದರೆ ನಂಬರ್ ಅದೇ ಇಟ್ಟುಕೊಂಡು ಬೇರೆ ಕಂಪನಿಗೆ ಹೋಗುವುದು. ಆದರೂ ತಡೆಯಲಾರದೆ ಡಿಸೆಂಬರ್‌ನಲ್ಲೇ ಅದಕ್ಕೆ ಪ್ರಯತ್ನಿಸಿದೆ, ಆಗಲಿಲ್ಲ. ಬಾಕಿ ಇದ್ದರೆ ಅಥವಾ ಕರಾರಿನಿಂದ ಹೊರಬರುವ ಷರತ್ತು ಪೂರೈಸದಿದ್ದರೆ ಪೋರ್ಟ್ ಕೊಡದಿರಲು ನಿಯಮದಲ್ಲೇ ಅವಕಾಶ ಇದೆ. ಆಗಲೇ ಹೊರಬರಬೇಕೆಂದರೆ ಕಂತಿನ ಮೇಲೆ 2,360 ದಂಡ. ಎರಡು ಕಂತಿನ ದುಡ್ಡೇ 2,250. ಅವಳು ಹೇಳಿದ ಹಾಗೆ ಕಾದೆ.

ಬ್ಯಾಟರಿ ಮಾತ್ರ ಆ ವಾರವೇ ಹಾಕಿಸಿದೆ. ಬಸ್‌ಸ್ಟ್ಯಾಂಡ್ ಹತ್ತಿರದ ರಿಪೇರಿಯವರು 2,200 ತಗೊಂಡರು. ಆ ಬಿರುಕಿನ ಮೇಲೆ ಒಂದು ಸಣ್ಣ ಅಂಟುಹಾಳೆಯನ್ನು ಅವರೇ ಸುಮ್ನೆ ಹಚ್ಚಿಕೊಟ್ಟರು. ಮನೆಗೆ ಬಂದು ಬೆಳಿಗ್ಗೆ ಚಾರ್ಜ್ ತೆಗೆದದ್ದು, ರಾತ್ರಿ ಅವ್ವನಿಗೆ ವಿಡಿಯೋ ಕಾಲ್ ಮಾಡುವಾಗಲೂ ಅರ್ಧ ಉಳಿದಿತ್ತು. 6,200 ಬೆಲೆ ಕಟ್ಟಿದ ಫೋನ್ ಇದೇನಾ ಅನಿಸಿತು. ಊರಿಗೆ ಯಶವಂತಪುರದ ರೈಲಿನಲ್ಲಿ ಹೋಗುವಾಗ ಕುಳೆ ದಾಟಿದ ಮೇಲೆ ಘಟ್ಟದಲ್ಲಿ ಸಿಗ್ನಲ್ ಹೋಗುತ್ತದೆ. ಹುಡುಕಿ ಹುಡುಕಿಯೇ ಬ್ಯಾಟರಿ ಇಳಿಯುತ್ತಿತ್ತು, ಕ್ಯಾಸಲ್ ರಾಕ್ ಬರುವಷ್ಟರಲ್ಲಿ ಫೋನ್ ಸಾಯುತ್ತಿತ್ತು. ಈ ಸಲ ಧಾರವಾಡದಲ್ಲಿ ಇಳಿಯುವ ತನಕ ಇತ್ತು.

ಹಾಗಾಗಿ ಫೋನಿಗೆ ಐದಕ್ಕೆ ನಾಲ್ಕೂವರೆ. ಸ್ಕೀಮಿಗೆ ಒಂದು, ಅದೂ ಬಡ್ಡಿ ವಿಷಯದಲ್ಲಿ ನಿಜ ಹೇಳಿದ್ದಕ್ಕೆ. ತಿಂಗಳ ಸಂಬಳ ಇರುವವರಿಗೆ, ಎರಡು ವರ್ಷ ಏನನ್ನೂ ಬದಲಿಸದೆ ಇರುವವರಿಗೆ ಇದು ನಡೆಯಬಹುದು. ಮನೆಯಲ್ಲಿ ಮಕ್ಕಳಿದ್ದರೆ, ದಿನದ ವ್ಯಾಪಾರದವರಾದರೆ, ಬದಲಾವಣೆ ಬಂದೇ ಬರುತ್ತದೆ. ತಗೊಳ್ಳುವುದೇ ಆದರೆ ಸಹಿಗೆ ಮೊದಲು ಮೂರು ಮಾತು ಕೇಳಿ ಬರೆಸಿಕೊಳ್ಳಿ: ಪ್ಲ್ಯಾನ್ ಬದಲಿಸಿದರೆ ಗಡುವು ಏನಾಗುತ್ತದೆ, ಮಧ್ಯೆ ಬಿಟ್ಟರೆ ಎಷ್ಟು, ಹಳೆಯ ಫೋನಿಗೆ ಕಡಿಮೆ ಅಂದರೆ ಎಷ್ಟು. ‘ಎಷ್ಟರವರೆಗೆ’ ಅನ್ನೋ ಉತ್ತರ ಬಂದರೆ ಇನ್ನೊಮ್ಮೆ ಕೇಳಿ.

ಜನವರಿಯಲ್ಲಿ ಕೊನೆಯ ಕಂತು ಹೋಯಿತು. ಬಾಕಿ ಇಲ್ಲ ಅನ್ನೋ ಕಾಗದ ತಗೊಂಡೆ, ಮಗನ ಸಿಮ್ ಬೇರೆ ಮಾಡಿಸಿದೆ, ಫೆಬ್ರವರಿಯಲ್ಲಿ 1900ಕ್ಕೆ ಪೋರ್ಟ್ ಅಂತ ಮೆಸೇಜ್ ಕಳಿಸಿದೆ. ಎಂಟು ಅಕ್ಷರದ ಕೋಡ್ ಬಂತು. ಅದು ನಾಲ್ಕು ದಿನ ಇರುತ್ತದೆ, ಒಂದೇ ಸರ್ಕಲ್ ಒಳಗೆ ಮೂರು ಕೆಲಸದ ದಿನದಲ್ಲಿ ಆಗಬೇಕು. ನನಗೆ ಭಯ ಇದ್ದದ್ದು ಊಟದ ಹೊತ್ತಿಗೆ ಸಿಗ್ನಲ್ ಹೋದರೆ ಅಂತ. ಅದು ರಾತ್ರಿಯೇ ಹೋಗಿ, ಬೆಳಿಗ್ಗೆ ನಾನು ರೊಟ್ಟಿ ಬಡಿಯಲು ಕೂರುವ ಹೊತ್ತಿಗೆ ಹೊಸ ಸಿಮ್‌ನಲ್ಲಿ ಬಂದಿತ್ತು. ಬೋರ್ಡಿನ ನಂಬರ್ ಹಾಗೇ ಉಳಿಯಿತು. ಈಗ 84 ದಿನದ ಪ್ರಿಪೇಯ್ಡ್, ತಿಂಗಳಿಗೆ ಮುನ್ನೂರು ಚಿಲ್ಲರೆ ಬೀಳುತ್ತದೆ.

ನಮ್ಮ ಮನೆಯವರ ಫೋನ್ ಹಾಳಾಗಿದೆ, ಅರ್ಧ ಪರದೆ ಕಾಣುವುದಿಲ್ಲ. ಫೆಬ್ರವರಿಯಿಂದ ಆ 1,125 ರೂಪಾಯಿಯನ್ನು ಪ್ರತಿ ತಿಂಗಳು ಅಕ್ಕಿ ಡಬ್ಬಿಯ ಪಕ್ಕದ ಡಬ್ಬಿಗೆ ಹಾಕುತ್ತಾ ಬಂದಿದ್ದೇನೆ. 6,750 ಆಗಿದೆ. ಇನ್ನಷ್ಟು ಸೇರಿಸಿ ಚೌತಿಯ ಹೊತ್ತಿಗೆ ಮಡಗಾಂವಿಗೆ ಹೋಗಿ ನಗದು ಕೊಟ್ಟು ಒಂದು ಸಾಧಾರಣ ಫೋನ್ ತರುತ್ತೇವೆ. ಸಿಮ್ ಹಳೆಯದೇ ಇರುತ್ತದೆ.